ಕೂಲರ್‌ಗೆ ನೀರು ಇಂದು ಯಾರ ಪಾಳಿ? ರಾಯಚೂರಿನ ಒಂದು ಮನೆ, 48 ದಿನಗಳ ರಜೆ

‘ಅಜ್ಜಿ, ಅದು ಪಟ್ಟಿಯಲ್ಲಿ ಇಲ್ಲವಲ್ಲ.’

2025ರ ಏಪ್ರಿಲ್ 20, ಭಾನುವಾರ ಮಧ್ಯಾಹ್ನ ನನ್ನ ಒಂಬತ್ತು ವರ್ಷದ ಮಗ ಆಡಿದ ಮಾತಿದು. ನಮ್ಮ ಅತ್ತೆ ಮಂಚದ ಮೇಲೆ ಎದ್ದು ಕುಳಿತು, ‘ತಮ್ಮಾ, ಗಡಿಗೆಯಿಂದ ಒಂದು ಚೆಂಬು ನೀರು ಕೊಡಪ್ಪ’ ಎಂದು ಕೇಳಿದ್ದರು. ಹುಡುಗ ಎದುರುತ್ತರ ಕೊಡುವ ಸ್ವಭಾವದವನಲ್ಲ. ಸಿಟ್ಟಿನಿಂದಲೂ ಹೇಳಲಿಲ್ಲ. ಗೋಡೆಯ ಮೇಲಿನ ಹಾಳೆಯತ್ತ ಒಮ್ಮೆ ನೋಡಿದ, ಆ ಕೆಲಸ ಅಲ್ಲಿ ಕಾಣಲಿಲ್ಲ, ಕಾಣದ್ದನ್ನು ಇದ್ದ ಹಾಗೆ ಹೇಳಿದ. ನಡೆಯಲು ಕಲಿತಾಗಿನಿಂದ ಅಜ್ಜಿಗೆ ನೀರು ತಂದುಕೊಡುತ್ತಿದ್ದ ಮಗು ಅವನು. ಆ ಹಾಳೆಯನ್ನು ಒಂಬತ್ತು ದಿನ ಹಿಂದೆ ಗೋಡೆಗೆ ಅಂಟಿಸಿದವಳು ನಾನು.

ಆ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ. ಏಪ್ರಿಲ್ ಬಂತೆಂದರೆ ಮಕ್ಕಳ ಕೆಲಸದ ಪಟ್ಟಿಗಳು ಬಣ್ಣಬಣ್ಣದ ಚಿತ್ರಗಳಾಗಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಪಟ್ಟಿ ಅಂಟಿಸಿದ ಮೊದಲ ದಿನದ ಸಂಭ್ರಮವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಹತ್ತನೆಯ ದಿನ, ಮೂವತ್ತನೆಯ ದಿನ ಆ ಹಾಳೆಯ ಗತಿ ಏನಾಯಿತು ಎಂದು ಹೇಳಿದವರು ನನಗೆ ಸಿಗಲಿಲ್ಲ. ಆ ಬೇಸಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಅದೇ.

ಮನೆ, ಬಿಸಿಲು, ನೀರು

ನಾವು ಐವರು. ಮಗಳಿಗೆ ಹನ್ನೆರಡು, ಏಳನೇ ತರಗತಿ ಮುಗಿದಿತ್ತು. ಮಗ ಮೂರನೆಯದು ಮುಗಿಸಿದ್ದ. ಅತ್ತೆಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವಿನಿಂದ ಹೆಚ್ಚು ಓಡಾಡಲಾರರು. ನಾನು ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮನೆ ಸೇರುವುದು ಸಂಜೆ ಆರಕ್ಕೆ. ಪತಿ ಸರ್ಕಾರಿ ನೌಕರರು. ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ, ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಬಿಸಿಲಿನ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಆ ಎರಡು ತಿಂಗಳು ಮಕ್ಕಳ ಅಪ್ಪ ಮಧ್ಯಾಹ್ನ ಎರಡಕ್ಕೆಲ್ಲ ಮನೆಯಲ್ಲಿರುತ್ತಾರೆ. ಮೊದಲ ಪಟ್ಟಿ ಬರೆಯುವಾಗ ಈ ಸಂಗತಿ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಒಟ್ಟು 48 ದಿನ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತಿದ್ದರೂ ನಡುವಿನ ನಮ್ಮ ನೆಲ ಈ ದಿನಗಳಲ್ಲಿ 40 ಡಿಗ್ರಿ ದಾಟಿ ಕಾಯುತ್ತದೆ. ಒಂಬತ್ತು ಗಂಟೆಯ ಮೇಲೆ ಅಂಗಳದ ಬಂಡೆಗಲ್ಲಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಮಕ್ಕಳನ್ನು ಹೊರಗೆ ಆಡಲು ಬಿಡುವಂತಿಲ್ಲ, ಒಳಗೆ ಸುಮ್ಮನೆ ಕೂರಿಸುವಂತಿಲ್ಲ. ಹಿಂದಿನ ವರ್ಷದ ರಜೆ ಪೂರ್ತಿ ಮೊಬೈಲಿಗಾಗಿ ಅಕ್ಕ ತಮ್ಮ ಜಗಳವಾಡುವುದರಲ್ಲಿ, ಅವರನ್ನು ಬಿಡಿಸುವುದರಲ್ಲಿ ಅತ್ತೆ ಸುಸ್ತಾಗುವುದರಲ್ಲಿ ಕಳೆದಿತ್ತು.

ನಮ್ಮ ಕಡೆ ಬೇಸಿಗೆಯ ಮನೆಗೆಲಸವೆಲ್ಲ ನೀರಿನ ಸುತ್ತ ತಿರುಗುತ್ತದೆ. ನಮ್ಮ ಓಣಿಗೆ ನಳ ಬರುವುದು ಮೂರು ದಿನಕ್ಕೊಮ್ಮೆ. ಬಂದಾಗ ಸಂಪು ತುಂಬಬೇಕು, ಡ್ರಮ್ಮುಗಳು ತುಂಬಬೇಕು. ಕುಡಿಯುವ ನೀರಿಗೆ ಶುದ್ಧ ನೀರಿನ ಘಟಕಕ್ಕೆ ಹೋಗಿ 20 ಲೀಟರಿನ ಕ್ಯಾನ್ ತರಬೇಕು. ಮಣ್ಣಿನ ಗಡಿಗೆಯನ್ನು ಹಿಂದಿನ ರಾತ್ರಿಯೇ ತುಂಬಿಟ್ಟರೆ ಬೆಳಿಗ್ಗೆಗೆ ತಣ್ಣಗಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೂಲರ್. ತೊಯ್ದ ಪ್ಯಾಡಿನ ಮೂಲಕ ಅದು ಹೊರಗಿನ ಗಾಳಿಯನ್ನು ಎಳೆಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು, ಆದ್ದರಿಂದ ರಾಯಚೂರಿನ ಒಣ ಬಿಸಿಲಿಗೆ ಅದು ಹೇಳಿ ಮಾಡಿಸಿದ ಯಂತ್ರ. ನೀರು ಮುಗಿದರೆ ಮಾತ್ರ ಬಿಸಿಗಾಳಿಯನ್ನೇ ಕೋಣೆಗೆ ತುಂಬುತ್ತದೆ, ಒಣಗಿದ ತೊಟ್ಟಿಯಲ್ಲಿ ತಿರುಗಿದ ಪಂಪು ಸುಟ್ಟುಹೋಗುತ್ತದೆ. ನಮ್ಮದು ಸುಮಾರು 40 ಲೀಟರಿನ ತೊಟ್ಟಿ, ದಿನಕ್ಕೆ ಎರಡು ಸಲ ತುಂಬಬೇಕು. ಈ ಕೂಲರ್ ಮುಂದೆ ಮತ್ತೆ ಬರುತ್ತದೆ.

ಚುಕ್ಕೆಗಳ ಹದಿಮೂರು ದಿನ

ಮೊದಲ ಪಟ್ಟಿಯನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಮಗನಿಗೆ ಆರು ಕೆಲಸ: ಹಾಸಿಗೆ ಮಡಿಸುವುದು, ಉಂಡ ತಟ್ಟೆ ತೊಳೆಯುವುದು, ಗಡಿಗೆ ತುಂಬುವುದು, ಗಿಡಗಳಿಗೆ ನೀರು, ಮಾಳಿಗೆಯ ಮೇಲೆ ಹಕ್ಕಿಗಳಿಗೆ ನೀರು, ಒಂದು ಪುಟ ಶುದ್ಧ ಬರಹ. ಮಗಳಿಗೆ ನಾಲ್ಕು: ಕೂಲರ್‌ಗೆ ನೀರು, ಒಣಗಿದ ಬಟ್ಟೆ ತರುವುದು, ತಮ್ಮನಿಗೆ ಮಗ್ಗಿ ಹೇಳಿಕೊಡುವುದು, ಹತ್ತು ಪುಟ ಓದುವುದು. ಒಂದು ಕೆಲಸಕ್ಕೆ ಒಂದು ಚುಕ್ಕೆ. ನಕ್ಷತ್ರದ ಸ್ಟಿಕರ್ ಸಿಗಲಿಲ್ಲವೆಂದು ಹಣೆಗೆ ಹಚ್ಚುವ ಬಣ್ಣದ ಸ್ಟಿಕರ್ ಬೊಟ್ಟುಗಳನ್ನೇ ತಂದಿದ್ದೆ. ಹತ್ತು ಚುಕ್ಕೆಗೆ ಹತ್ತು ರೂಪಾಯಿ.

ಮೊದಲ ಐದಾರು ದಿನ ಮನೆಯ ಕಳೆಯೇ ಬೇರೆಯಾಗಿತ್ತು. ಮಗ ಎದ್ದ ಕೂಡಲೇ ಹಾಸಿಗೆ ಮಡಿಸಿ ಹಾಳೆಯ ಮುಂದೆ ನಿಲ್ಲುತ್ತಿದ್ದ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇಬ್ಬರೂ ಬೊಟ್ಟಿನ ಚೀಟಿ ಹಿಡಿದು ಬರುತ್ತಿದ್ದರು. ಸಂಘದಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಪಟ್ಟಿಯ ಫೋಟೊ ತೋರಿಸಿದೆ.

ಎರಡನೆಯ ವಾರ ಬೇರೆ ಮಾತುಗಳು ಕೇಳಲಾರಂಭಿಸಿದವು. ‘ಗಡಿಗೆ ಅರ್ಧ ತುಂಬಿದರೆ ಅರ್ಧ ಚುಕ್ಕೆ ಸಿಗುತ್ತದೆಯೇ?’ ‘ಹಾಸಿಗೆ ಎರಡು ಮಡಿಸಿದರೆ ಎರಡೇ?’ ಒಂದು ದಿನ ಗಿಡಗಳಿಗೆ ಮೂರು ಸಲ ನೀರು ಹಾಕಿ ಮೂರು ಚುಕ್ಕೆ ಕೇಳಿದ. ಮೂರು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ತುಳಸಿಯ ಬುಡ ಕೆಸರಾಗಿ ನಿಂತಿತ್ತು. ಹುಡುಗನ ತರ್ಕದಲ್ಲಿ ತಪ್ಪಿರಲಿಲ್ಲ. ಗಿಡದ ಬಾಯಾರಿಕೆಯನ್ನು ನೋಡು ಎಂದು ನಾನು ಹೇಳಿರಲಿಲ್ಲ, ಚುಕ್ಕೆಯನ್ನು ನೋಡು ಎಂದು ಹೇಳಿದ್ದೆ. ಅದಾದ ಮೇಲೆ ಆ ಭಾನುವಾರ ಬಂತು. ಅಜ್ಜಿಯ ಚೆಂಬು ಪಟ್ಟಿಯಲ್ಲಿ ಇರಲಿಲ್ಲ.

ಅತ್ತೆ ಏನೂ ಅನ್ನಲಿಲ್ಲ. ಗೋಡೆ ಹಿಡಿದು ಎದ್ದು, ತಾವೇ ಹೋಗಿ ಗಡಿಗೆಯಿಂದ ನೀರು ತೆಗೆದುಕೊಂಡರು. ಅವರು ಒಂದು ಮಾತು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಪ್ರತಿಫಲ ಮಕ್ಕಳನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಅರ್ಧ ಶತಮಾನದಿಂದ ನೋಡುತ್ತಾ ಬಂದಿದ್ದಾರೆ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್, ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ 51 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟು ನೋಡಿದರೆ, ಪ್ರಶಸ್ತಿಯ ಮಾತು ಕೇಳಿ ಬರೆದಿದ್ದ ಮಕ್ಕಳು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. 2008ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 20 ತಿಂಗಳ ಕೂಸುಗಳಲ್ಲಿಯೂ ಇದನ್ನೇ ಕಂಡರು. ಬಿದ್ದ ವಸ್ತುವನ್ನು ಎತ್ತಿಕೊಟ್ಟದ್ದಕ್ಕೆ ಆಟಿಕೆ ಪಡೆದ ಕೂಸುಗಳು ಆಮೇಲೆ ಎತ್ತಿಕೊಡುವುದನ್ನು ಕಡಿಮೆ ಮಾಡಿದವು.

ಇಷ್ಟನ್ನು ಓದಿದವರು ಬಹುಮಾನವೇ ಕೆಟ್ಟದ್ದು ಎಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತು ಸಂಗಡಿಗರು 128 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಮೊದಲೇ ಇಷ್ಟವಿದ್ದ ಕೆಲಸದಲ್ಲಿ ಪ್ರತಿಫಲ ಆಸಕ್ತಿಯನ್ನು ಕುಗ್ಗಿಸುತ್ತದೆ, ಬೇಸರದ ಕೆಲಸದಲ್ಲಿ ಹಾಗೆ ಕುಗ್ಗಿಸುವುದಿಲ್ಲ ಎಂದು ಕಂಡಿತು. ತಟ್ಟೆ ತೊಳೆಯುವುದನ್ನು ನನ್ನ ಮಗ ಎಂದೂ ಇಷ್ಟಪಟ್ಟವನಲ್ಲ. ಅದಕ್ಕೆ ಚುಕ್ಕೆ ಕೊಟ್ಟಿದ್ದರಿಂದ ಕೆಟ್ಟದ್ದೇನೂ ಇಲ್ಲ. ಆದರೆ ಹಕ್ಕಿಗೆ ನೀರಿಡುವುದು, ಗಿಡಕ್ಕೆ ನೀರು ಹಾಕುವುದು ಅವನು ಪ್ರೀತಿಯಿಂದ ಮಾಡುತ್ತಿದ್ದ ಕೆಲಸಗಳು. ಪ್ರೀತಿಯ ಕೆಲಸವನ್ನೂ ಬೇಸರದ ಕೆಲಸವನ್ನೂ ಒಂದೇ ಹಾಳೆಯಲ್ಲಿ ಒಂದೇ ದರಕ್ಕೆ ಬರೆದಿದ್ದೆ. ದರ ಬರೆಯದ ಪ್ರೀತಿಯ ಕೆಲಸವೊಂದು ಉಳಿದಿತ್ತು, ಅಜ್ಜಿಯ ಚೆಂಬು. ದರ ಇಲ್ಲದ್ದರಿಂದ ಅದು ಕೆಲಸವೇ ಅಲ್ಲ ಎಂದು ಅವನಿಗೆ ಅನ್ನಿಸಿತು.

ಏಪ್ರಿಲ್ 23ರ ರಾತ್ರಿ ಚುಕ್ಕೆ ಎಣಿಸಿದೆ. ಮಗನದು 61, ಮಗಳದು 38. ಅವನಿಗೆ ಅರವತ್ತು ರೂಪಾಯಿ, ಅವಳಿಗೆ ಮೂವತ್ತು ಕೊಟ್ಟು ಹಾಳೆ ತೆಗೆದೆ. ಮಗಳು ಹಣ ತೆಗೆದುಕೊಂಡು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಕೇಳಬೇಕಿತ್ತು, ಕೇಳಲಿಲ್ಲ.

ಕೂಲರ್ ಬರಿದಾದ ದಿನ

ಮುಂದಿನ ಐದು ದಿನ ಮನೆಯಲ್ಲಿ ಯಾವ ಪಟ್ಟಿಯೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಇದ್ದ ಕೂಲಿ ನಿಂತರೆ ಯಾರು ದುಡಿಯುತ್ತಾರೆ? ಮೊಬೈಲು ಹಿಂದಿನ ವರ್ಷದ ಜಾಗಕ್ಕೆ ಬಂದು ಕುಳಿತಿತು.

ಏಪ್ರಿಲ್ 28, ಸೋಮವಾರ. ನಾನು ಕೆಲಸದಲ್ಲಿದ್ದೆ, ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಬೆಳಿಗ್ಗೆ ಕೂಲರ್‌ಗೆ ನೀರು ಹಾಕಲು ಮಗಳು ಮರೆತಿದ್ದಳು. ಹಾಕಿದ್ದಾಳೆಂದು ನಾನು ತಿಳಿದಿದ್ದೆ. ಪತಿ ಎರಡಕ್ಕೆ ಬಂದು ಉಂಡು ಮಲಗಿದ್ದರು. ಮೂರರ ಹೊತ್ತಿಗೆ ತೊಟ್ಟಿ ಬರಿದಾಗಿ ಕೋಣೆಯೆಲ್ಲ ಬಿಸಿಗಾಳಿ ತುಂಬಿತು. ಅತ್ತೆಗೆ ತಲೆ ಸುತ್ತಿದಂತಾಗಿ ನೆಲಕ್ಕೆ ಕುಳಿತರು. ಮಗಳು ಅವರನ್ನು ಮಲಗಿಸಿ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಒದ್ದೆ ಬಟ್ಟೆಯಿಂದ ಮುಖ, ಕೈಕಾಲು ಒರೆಸಿದಳು. ಅಪ್ಪ ಎದ್ದು ಪ್ಲಗ್ ಕಿತ್ತರು. ಮಗ ತನ್ನ ಪುಟ್ಟ ಸ್ಟೀಲ್ ಕೊಡ ಹಿಡಿದು ಸಂಪಿಗೂ ಕೂಲರ್‌ಗೂ ಓಡಾಡಿದ.

ಸಂಜೆ ನಾನು ಬಂದಾಗ ಅತ್ತೆ ಚೇತರಿಸಿಕೊಂಡು ಕುಳಿತಿದ್ದರು. ಮಗ ಬಾಗಿಲಲ್ಲೇ ನಿಂತು, ‘ಅವ್ವಾ, ಕೂಲರ್‌ಗೆ ನನ್ನ ಕೊಡದಿಂದ ಹನ್ನೊಂದು ಕೊಡ ಹಿಡಿಯುತ್ತದೆ. ಎಣಿಸಿದ್ದೇನೆ’ ಎಂದ. ಚುಕ್ಕೆಯ ಮಾತಿಲ್ಲ, ರೂಪಾಯಿಯ ಮಾತಿಲ್ಲ. ಹನ್ನೊಂದು ಕೊಡಗಳ ಲೆಕ್ಕವನ್ನು ಅಕ್ಕನಿಗೆ, ಪಕ್ಕದ ಮನೆಯವರಿಗೆ, ಹಾಲಿನವನಿಗೆ, ಎಲ್ಲರಿಗೂ ಹೇಳಿದ. ಅಜ್ಜಿಯ ಮಂಚದ ಪಕ್ಕದಿಂದ ಕದಲಲಿಲ್ಲ. ರಾತ್ರಿ ಅವರಿಗೆ ಚೆಂಬು ತುಂಬಿ ಕೊಟ್ಟವನೂ ಅವನೇ, ಯಾರೂ ಹೇಳಿರಲಿಲ್ಲ.

ನಾನು ತಿಂಗಳಿಂದ ಹುಡುಕುತ್ತಿದ್ದ ಉತ್ಸಾಹ ಅಲ್ಲಿತ್ತು. ತಾನು ನೀರು ಹಾಕದಿದ್ದರೆ ಮನೆ ನಿಲ್ಲುತ್ತದೆ ಎಂಬುದನ್ನು ಆ ಮಧ್ಯಾಹ್ನ ಅವನು ಮೈಯಿಂದ ತಿಳಿದಿದ್ದ. ಶುದ್ಧ ಬರಹ ಬರೆಯದಿದ್ದರೆ ಮನೆಯಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ಅಂಥ ಕೆಲಸಗಳಿಂದಲೇ ನನ್ನ ಮೊದಲ ಪಟ್ಟಿ ಅರ್ಧ ತುಂಬಿತ್ತು.

ಬೇಸಿಗೆಯಲ್ಲಿ ನಾವು ಮಾಳಿಗೆಯ ಮೇಲೆ ಮಲಗುತ್ತೇವೆ. ಆ ರಾತ್ರಿ ಹಾಸಿಗೆಗಳ ಮೇಲೆ ಕುಳಿತು, ಈ ಮನೆ ಒಂದು ದಿನ ನಡೆಯಬೇಕಾದರೆ ಏನೇನು ಆಗಬೇಕು, ಅದನ್ನು ಯಾರು ಮಾಡುತ್ತಾರೆ, ಬರೆಯೋಣ ಎಂದೆ. ಪೆನ್ನು ಮಗಳ ಕೈಯಲ್ಲಿ. ಹಾಲು ಕಾಯಿಸುವುದರಿಂದ ಹಿಡಿದು ಗೇಟಿಗೆ ಬೀಗ ಹಾಕುವವರೆಗೆ 41 ಕೆಲಸಗಳಾದವು. ಹೆಸರುಗಳನ್ನು ಎಣಿಸಿದಾಗ ನನ್ನ ಹೆಸರಿನ ಮುಂದೆ 22, ಮಗಳ ಮುಂದೆ 8, ಅತ್ತೆಯ ಮುಂದೆ 6, ಪತಿಯ ಮುಂದೆ 4. ಮಗನ ಮುಂದೆ ಒಂದು: ಹಾಲಿನ ಪಾಕೀಟು ತರುವುದು.

ಮಗಳು ಪೆನ್ನು ಕೆಳಗಿಟ್ಟಳು. ‘ಅವ್ವಾ, ಅಂಗಳ ಗುಡಿಸುವುದು, ರಂಗೋಲಿ, ಬಟ್ಟೆ ಮಡಿಸುವುದು, ಎಲ್ಲರಿಗೂ ಬಡಿಸುವುದು, ಇವನ್ನು ನಾನು ಮೊದಲಿನಿಂದ ಮಾಡುತ್ತೇನೆ. ನಿಮ್ಮ ಪಟ್ಟಿಯಲ್ಲಿ ಅವು ಇರಲೇ ಇಲ್ಲ. ಅವನು ಮಾಡಿದರೆ ಚುಕ್ಕೆ, ನಾನು ಮಾಡಿದರೆ ರೂಢಿ.’

ಐದು ದಿನಗಳ ಹಿಂದೆ ಮೂವತ್ತು ರೂಪಾಯಿ ಕೈಯಲ್ಲಿ ಹಿಡಿದು ಅವಳು ನುಂಗಿಕೊಂಡ ಮಾತು ಇದಾಗಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ನಾನೂ ಹಾಗೆಯೇ ಬೆಳೆದವಳು, ನಮ್ಮ ತವರಿನಲ್ಲಿ ಅಣ್ಣ ಒಂದು ಕೊಡ ನೀರು ತಂದರೆ ಓಣಿಯೇ ಹೊಗಳುತ್ತಿತ್ತು. ದೇಶದ ಲೆಕ್ಕವೂ ಹೀಗೆಯೇ ಇದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗುವ ಗಂಡಸರು 88 ನಿಮಿಷ. ಆರು ವರ್ಷ ಮೇಲ್ಪಟ್ಟ ಎಲ್ಲರನ್ನೂ ಸೇರಿಸಿದ ಲೆಕ್ಕವಿದು. ಆರನೆಯ ವಯಸ್ಸಿನಿಂದ ಎಣಿಸುತ್ತಾರೆ ಎಂಬುದನ್ನು ಓದಿದಾಗ ನನ್ನ ಮಗಳು ರಂಗೋಲಿ ಡಬ್ಬಿ ಹಿಡಿದ ವಯಸ್ಸು ನೆನಪಾಯಿತು. ಕೆಲಸದ ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನು ಓದಿದರೆ ಆ ಮನೆ ಯಾರ ದುಡಿಮೆಯನ್ನು ಕಾಣುತ್ತಿಲ್ಲವೆಂದು ತಿಳಿಯುತ್ತದೆ. ನಮ್ಮದರಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ಓದಿದವರು ಇರಲಿಲ್ಲ.

ಮನೆಯ ಪಟ್ಟಿ

ಏಪ್ರಿಲ್ 29ರಂದು ಹೊಸ ಹಾಳೆ ಏರಿತು. ಅದರ ಮೇಲೆ ಐವರ ಹೆಸರೂ ಇತ್ತು. 41 ಕೆಲಸಗಳಲ್ಲಿ ಒಂಬತ್ತನ್ನು ಮಾತ್ರ ಅದರಲ್ಲಿ ಬರೆದೆವು. ಇವು ಪಾಳಿಯ ಕೆಲಸಗಳು, ಪ್ರತಿ ಸೋಮವಾರ ಬದಲಾಗುತ್ತವೆ: ಕೂಲರ್, ನಳ ಬಂದಾಗ ಸಂಪು ಮತ್ತು ಡ್ರಮ್ಮು, ಗಡಿಗೆ, ಅಂಗಳ, ಊಟದ ನಂತರದ ಒರೆಸುವಿಕೆ, ಬಟ್ಟೆ, ನೀರಿನ ಕ್ಯಾನ್, ಹಿಟ್ಟಿನ ಗಿರಣಿ, ರಾತ್ರಿ ಹಾಸಿಗೆಗಳನ್ನು ಮಾಳಿಗೆಗೆ ಒಯ್ದು ಬೆಳಿಗ್ಗೆ ಇಳಿಸುವುದು. ಉಂಡ ತಟ್ಟೆ, ಉಟ್ಟ ಬಟ್ಟೆ ಅವರವರದೇ. ಅದಕ್ಕೆ ಪಾಳಿಯೂ ಇಲ್ಲ, ಗುರುತೂ ಇಲ್ಲ. ಇನ್ನು ಬೇಕೆಂದೇ ಬರೆಯದೆ ಬಿಟ್ಟ ಕೆಲಸಗಳಿದ್ದವು: ಅಜ್ಜಿಯ ಚೆಂಬು, ಹಕ್ಕಿಯ ಬಟ್ಟಲು, ತುಳಸಿ. ಇವನ್ನು ಹಾಳೆಗೆ ತರಬಾರದು ಎಂದು ನಾನು ಹಟ ಹಿಡಿದೆ.

ಹಣದ ನಂಟನ್ನೂ ಕಡಿದೆವು. ಇಬ್ಬರಿಗೂ ಪ್ರತಿ ಭಾನುವಾರ ಇಪ್ಪತ್ತು ರೂಪಾಯಿ, ಕೆಲಸ ಮಾಡಿದರೂ ಮಾಡದಿದ್ದರೂ. ಪತಿಗೆ ಇದು ಸರಿ ಅನ್ನಿಸಲಿಲ್ಲ. ಮಾಡದಿದ್ದವನಿಗೂ ಕೊಟ್ಟರೆ ಸೋಮಾರಿಯಾಗುತ್ತಾನೆ ಎಂದರು. ಮಾಡದಿದ್ದರೆ ಹಣ ಕಡಿಯುತ್ತೇವೆಂದರೆ ಹಣ ಬೇಡ ಎಂದು ಕೆಲಸ ಬಿಡುವ ದಾರಿಯೂ ತೆರೆಯುತ್ತದೆ ಎಂಬುದು ನನ್ನ ವಾದ. ಮಗಳ ಮುಖದಲ್ಲಿ ಆ ಯೋಚನೆಯನ್ನು ಮೊದಲ ಪಟ್ಟಿಯ ಕಾಲದಲ್ಲಿಯೇ ಕಂಡಿದ್ದೆ.

ಕಷ್ಟದ ಮಾತು ಬಂದದ್ದು ಅಂಗಳದ ವಿಷಯದಲ್ಲಿ. ಮೊದಲ ವಾರ ಅಂಗಳ ಮಗನ ಪಾಲಿಗೆ ಬಂದಿತ್ತು. ‘ಗಂಡು ಹುಡುಗ ಬೆಳಗಾಗೆದ್ದು ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತರೆ ನೋಡಿದವರು ಏನೆನ್ನುತ್ತಾರೆ?’ ಎಂದು ಅತ್ತೆ ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವರ ಕಾಲದ ಮರ್ಯಾದೆಯ ಪ್ರಶ್ನೆ ಅದು. ಆದರೂ ಇಲ್ಲಿ ನಾನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟಿದ್ದರೆ ಮಗಳ ಮುಂದೆ ಆ ಹಾಳೆಗೆ ಬೆಲೆಯೇ ಇರುತ್ತಿರಲಿಲ್ಲ. ಮರುದಿನ ಆರು ಗಂಟೆಗೆ ಪತಿ ಕಸಬರಿಗೆ ಹಿಡಿದು ಅಂಗಳಕ್ಕೆ ಇಳಿದರು. ಯಾರಿಗೂ ಏನೂ ಹೇಳಲಿಲ್ಲ. ಗುಡಿಸಿ, ನೀರು ಚಿಮುಕಿಸಿ, ಕಸಬರಿಗೆಯನ್ನು ಮಗನ ಕೈಗೆ ಕೊಟ್ಟು, ‘ನಾಳೆಯಿಂದ ನೀನು, ಮೂಲೆ ಬಿಡಬೇಡ’ ಎಂದರು. ಆ ದಿನದ ಮೇಲೆ ಅತ್ತೆ ಆ ಮಾತು ಎತ್ತಲಿಲ್ಲ. ಮೂರನೆಯ ದಿನ ಹೊಸ್ತಿಲಲ್ಲಿ ಕುಳಿತು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ ಕಸ ತಳ್ಳಬೇಕೆಂದು ಮೊಮ್ಮಗನಿಗೆ ಹೇಳಿಕೊಡುತ್ತಿದ್ದರು.

ಏಪ್ರಿಲ್ 30 ಬಸವ ಜಯಂತಿ. ಅಂದು ರಾತ್ರಿ ಮಾಳಿಗೆಯ ಮೇಲೆ ಅತ್ತೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ಲಕ್ಕಮ್ಮನೂ ಅವಳ ಗಂಡ ಮಾರಯ್ಯನೂ ನಮ್ಮ ಜಿಲ್ಲೆಯವರೇ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪದೆ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದಳು. ಮಗ ಕಥೆ ಕೇಳಿ ಬಹಳ ಹೊತ್ತು ಸುಮ್ಮನಿದ್ದು, ‘ತುಳಸಿಗೆ ಮೂರು ಸಲ ನೀರು ಹಾಕಿದೆನಲ್ಲ, ಹಾಗೆ’ ಎಂದ. ನಾನು ಅದನ್ನು ಅವನಿಗೆ ನೆನಪಿಸಿರಲಿಲ್ಲ.

ನಡೆಸುವಾಗ ಕಲಿತದ್ದನ್ನೂ ಹೇಳಬೇಕು. ಓಡಾಟದ ಕೆಲಸವೆಲ್ಲ ಬೆಳಿಗ್ಗೆ ಎಂಟೂವರೆಯೊಳಗೆ ಇಲ್ಲವೇ ಸಂಜೆ ಐದೂವರೆಯ ಮೇಲೆ. ಮಧ್ಯಾಹ್ನ ಕುಳಿತು ಮಾಡುವಂಥದ್ದು ಮಾತ್ರ, ಅಂದರೆ ಹುಣಸೆಹಣ್ಣಿನ ಬೀಜ ಬಿಡಿಸುವುದು, ಜೋಳ ಹಸನು ಮಾಡುವುದು. ಅಜ್ಜಿಯ ಸುತ್ತ ಕುಳಿತು ಮಾಡುವಾಗ ಅದು ಕೆಲಸವೆಂದೇ ಮಕ್ಕಳಿಗೆ ಅನ್ನಿಸುತ್ತಿರಲಿಲ್ಲ. ಕೂಲರ್ ವಿಷಯದಲ್ಲಿ ಒಂದು ಕಟ್ಟುನಿಟ್ಟು: ಪ್ಲಗ್ ಕೀಳುವುದೂ ಹಾಕುವುದೂ ದೊಡ್ಡವರು. ಗುಂಡಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಹೊರತೆಗೆಯಬೇಕು. ಕಬ್ಬಿಣದ ಮೈಯ ಕೂಲರ್‌ಗೆ ಒದ್ದೆ ಕೈ ತಾಗಿ ವಿದ್ಯುತ್ ಹೊಡೆದು ಪ್ರಾಣ ಹೋಗುವುದುಂಟು. ಪ್ಲಗ್ ಹೊರಗಿರುವುದನ್ನು ಕಣ್ಣಿಂದ ನೋಡದೆ ಕೊಡ ಎತ್ತಬಾರದು ಎಂದು ಹಾಳೆಯ ತಲೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದೆವು. ಮಕ್ಕಳಿಗೆ ಕೂಲರ್ ಪಾಳಿ ಕೊಡುವ ಯಾವ ಮನೆಯೂ ಇದನ್ನು ಮರೆಯಬಾರದೆಂದು ನನ್ನ ಕಳಕಳಿಯ ಕೋರಿಕೆ.

ನಾನು ಬಿಡಬೇಕಾಗಿ ಬಂದ ಒಂದು ಚಾಳಿಯೂ ಇತ್ತು. ಮಗ ಗುಡಿಸಿದ ಮೇಲೆ ಮೂಲೆಯಲ್ಲಿ ಉಳಿದ ಎಲೆಗಳನ್ನು ನಾನು ಅವನ ಎದುರಿಗೇ ಮತ್ತೆ ಗುಡಿಸುತ್ತಿದ್ದೆ. ಎರಡು ದಿನ ನೋಡಿದ ಅವನು ಮೂರನೆಯ ದಿನ ಕಸಬರಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದ. ‘ಹೇಗೂ ನೀವೇ ಗುಡಿಸುತ್ತೀರಿ’ ಎಂದ. ಅಂದಿನಿಂದ ಮಕ್ಕಳು ಮಾಡಿದ್ದನ್ನು ಅಂದು ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದೆ. ಎಲೆಗಳು ಸಂಜೆಯವರೆಗೂ ಅಲ್ಲೇ ಬಿದ್ದಿರುತ್ತಿದ್ದವು. ಅದನ್ನು ನೋಡಿಕೊಂಡು ಸುಮ್ಮನಿರುವುದು ನನಗೆ ಬಹಳ ಕಷ್ಟವಾಯಿತು. ಎರಡನೆಯ ವಾರದಲ್ಲಿ ಮೂಲೆಗಳು ತಾವಾಗಿಯೇ ಸ್ವಚ್ಛವಾದವು.

ಮೇ ತಿಂಗಳು

ಮೇ 5ರಂದು ಹೈದರಾಬಾದಿನಿಂದ ನಾದಿನಿಯ ಮಗ ಬಂದ. ಹತ್ತು ವರ್ಷದ ಹುಡುಗ. ಅತಿಥಿಗೆ ಕೆಲಸ ಹೇಳುವುದು ಹೇಗೆ ಎಂದು ನಾವು ಅವನನ್ನು ಪಟ್ಟಿಯಿಂದ ಹೊರಗಿಟ್ಟೆವು. ಎರಡೇ ದಿನಕ್ಕೆ ನಮ್ಮ ಮಕ್ಕಳ ಪಾಳಿ ಜಾರಿತು. ಒಬ್ಬ ಆಡುತ್ತಿರುವಾಗ ಇನ್ನಿಬ್ಬರು ಕೊಡ ಹೊರುವುದಿಲ್ಲ, ಅದು ಸಹಜವೇ. ಬಗೆಹರಿಸಿದವನು ಆ ಹುಡುಗನೇ. ಮೂರನೆಯ ದಿನ ಹಾಳೆಯ ಮುಂದೆ ನಿಂತು, ‘ಅತ್ತೆ, ನನ್ನ ಹೆಸರು ಎಲ್ಲಿ?’ ಎಂದ. ಮಗಳು ಆರನೆಯ ಹೆಸರು ಬರೆದಳು. ಹಾಸಿಗೆಗಳನ್ನು ಮಾಳಿಗೆಗೆ ಒಯ್ಯುವ ಪಾಳಿಯನ್ನು ಅವನು ಊರಿಗೆ ಹೋಗುವವರೆಗೆ ಯಾರಿಗೂ ಬಿಟ್ಟುಕೊಡಲಿಲ್ಲ. ಹೆಸರು ಇಲ್ಲದಿದ್ದಾಗಲೇ ಅವನು ನಮ್ಮ ಮನೆಯಲ್ಲಿ ಹೊರಗಿನವನಾಗಿದ್ದ ಎಂಬುದು ನನಗೆ ಆಗ ಹೊಳೆಯಿತು.

ಮೇ 19ರಿಂದ ನಾಲ್ಕು ದಿನ ಮಾನ್ವಿಯಲ್ಲಿ ಮದುವೆ. ಬಂದ ಮೇಲೆ ಯಾರಿಗೂ ಹಾಳೆಯತ್ತ ನೋಡುವ ಮನಸ್ಸಿರಲಿಲ್ಲ. ಒಂಬತ್ತನ್ನೂ ಮತ್ತೆ ಹೇರದೆ ಕೂಲರ್, ಗಡಿಗೆ, ಅಂಗಳ, ಈ ಮೂರನ್ನೇ ಇಟ್ಟುಕೊಂಡೆವು. ಉಳಿದವು ಎರಡು ಮೂರು ದಿನಗಳಲ್ಲಿ ಹಿಂದೆಯೇ ಬಂದವು.

ಮದುವೆಯ ದಿನಗಳನ್ನು ಬಿಟ್ಟರೆ ಮನೆಯ ಪಟ್ಟಿ ನಡೆದದ್ದು 26 ದಿನ. ಅಷ್ಟರಲ್ಲಿ ಕೂಲರ್ ಬರಿದಾದದ್ದು ಎರಡು ಸಲ. ಒಂದು ಸಲ ನಳ ಬಂದಿರಲಿಲ್ಲ. ಇನ್ನೊಂದು ಸಲ ಪಾಳಿ ಪತಿಯದಾಗಿತ್ತು, ಅವರು ಮರೆತಿದ್ದರು. ಮಗ ಅಪ್ಪನ ಹೆಸರಿನ ಮುಂದಿನ ಚೌಕವನ್ನು ಖಾಲಿ ಬಿಟ್ಟ. ಹಿಂದಿನಂತಾಗಿದ್ದರೆ ‘ದೊಡ್ಡವರಿಗೆ ನೂರು ಕೆಲಸ’ ಎಂಬ ಮಾತು ಬರುತ್ತಿತ್ತು. ಅವರು ಮಾತ್ರ ‘ಹೌದಪ್ಪ, ತಪ್ಪಾಯಿತು’ ಎಂದು ಎದ್ದು ಕೊಡ ಹಿಡಿದರು. ಪಟ್ಟಿ ಮುಂದೆ ನಡೆದದ್ದು ಆ ಒಂದು ಖಾಲಿ ಚೌಕದಿಂದ ಎಂದು ನಾನು ನಂಬಿದ್ದೇನೆ. ದೊಡ್ಡವರ ಚೌಕ ಖಾಲಿ ಉಳಿಯಬಹುದು ಎಂದು ತಿಳಿದ ಮೇಲೆ ಮಕ್ಕಳಿಗೆ ತಮ್ಮ ಚೌಕದ ಬಗ್ಗೆ ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ.

ಬಗೆಹರಿಯದೆ ಉಳಿದದ್ದು ಮೊಬೈಲು. ಕೆಲಸಕ್ಕೆ ಕೈ ಹಚ್ಚಿದರೆ ಮೊಬೈಲು ತಾನಾಗಿ ಕಡಿಮೆಯಾಗುತ್ತದೆ ಎಂದು ನಾನು ಎಣಿಸಿದ್ದೆ. ಬೆಳಿಗ್ಗೆ, ಸಂಜೆ ಕಡಿಮೆಯಾದದ್ದು ನಿಜ. ಮಧ್ಯಾಹ್ನದ ಮೂರು ಗಂಟೆಗಳ ಕಾಲ, ಹೊರಗೆ ಬೆಂಕಿಯಂಥ ಬಿಸಿಲಿರುವಾಗ, ಹುಣಸೆಹಣ್ಣು ಮುಗಿದ ಮೇಲೆ ಅದು ಮತ್ತೆ ಕೈಗೆ ಬರುತ್ತಿತ್ತು. ಅದಕ್ಕೆ ಬೇರೆಯೇ ದಾರಿ ಹುಡುಕಬೇಕು, ಕೆಲಸದ ಪಟ್ಟಿಯ ಮೇಲೆ ಆ ಭಾರ ಹೊರಿಸಲಾಗದು.

ನನ್ನ ಹೆಸರಿನ ಮುಂದಿದ್ದ 22 ಕೆಲಸಗಳು ಮೇ ಕೊನೆಗೆ 15 ಆದವು. ಮಗಳವು 8ರಿಂದ 6ಕ್ಕೆ ಇಳಿದವು. ಪತಿಯವು 4ರಿಂದ 8, ಮಗನವು 1ರಿಂದ 6. ಅತ್ತೆ ತಮ್ಮ ಆರನ್ನು ಯಾರಿಗೂ ಕೊಡಲಿಲ್ಲ.

ಮೇ 29ರಂದು ಶಾಲೆ ಆರಂಭವಾಯಿತು. ಜೂನ್ ಮೊದಲ ವಾರ ಸರ್ಕಾರಿ ಕಚೇರಿಯ ವೇಳೆಯೂ ಹಳೆಯದಕ್ಕೆ ಮರಳಿತ್ತು, ನಾಲ್ಕು ಹನಿ ಮಳೆಯಾಗಿ ಗಾಳಿಯಲ್ಲಿ ತೇವ ಸೇರಿತ್ತು. ತೇವದ ಗಾಳಿಗೆ ಕೂಲರ್ ತಂಪು ಕೊಡುವುದಿಲ್ಲ. ಒಂದು ಭಾನುವಾರ ಅಪ್ಪ ಮಗ ಸೇರಿ ಪ್ಯಾಡುಗಳನ್ನು ತೆಗೆದು, ತೊಟ್ಟಿಯ ತಳದ ಉಪ್ಪನ್ನು ಉಜ್ಜಿ ತೊಳೆದು, ಒಣಗಿಸಿ, ಹಳೆಯ ಸೀರೆ ಸುತ್ತಿ ಅದನ್ನು ಮೂಲೆಗೆ ಇಟ್ಟರು. ಮಗಳು ಹಾಳೆಯಲ್ಲಿ ಕೂಲರಿನ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ‘ಬೆಳಿಗ್ಗೆಯ ಊಟದ ಡಬ್ಬಿಗಳು’ ಎಂದು ಬರೆದಳು. ಆ ಸಾಲಿನ ಮುಂದೆ ಮೊದಲ ವಾರ ಅಪ್ಪನ ಹೆಸರಿತ್ತು.